ಮನೆಯಲ್ಲಿ ಒಂದು ವಿಗ್ರಹವೂ ಇಲ್ಲ, ಮತ್ತೆ ಈ ಆಜ್ಞೆ ನಮಗ್ಯಾಕೆ?

ಓದುಗರ ಪ್ರಶ್ನೆ: ನಾವು ಮೂರು ತಲೆಮಾರಿನಿಂದ ಕ್ರೈಸ್ತರು. ಮನೆಯಲ್ಲಿ ಯಾವ ವಿಗ್ರಹವೂ ಇಲ್ಲ. ಆದರೂ ನಮ್ಮ ಪಾಸ್ಟರ್ ಪದೇಪದೇ ವಿಗ್ರಹಾರಾಧನೆ ಬಿಡಿ ಅಂತ ಹೇಳುತ್ತಾರೆ. ನಾವು ಬಿಡೋಕೆ ಏನಿದೆ?

ಉತ್ತರ: ತುಂಬಾ ಜನ ಇದನ್ನು ಕೇಳುತ್ತಾರೆ, ಒಂದು ಕಾಲಕ್ಕೆ ನಾನೂ ಕೇಳಿದ್ದೆ. ಮೊದಲು ತಾಮ್ರದ ಸರ್ಪದ ವಿಷಯ ನೋಡೋಣ. ಬೈಬಲ್ಲಿನ ಅರಣ್ಯಕಾಂಡ 21ರಲ್ಲಿ ಹಾವು ಕಚ್ಚಿ ಇಸ್ರಾಯೇಲ್ ಜನ ಸಾಯುತ್ತಿದ್ದರು. ಆಗ ದೇವರು ಹೇಳಿದಂತೆ ಅವರ ನಾಯಕ ಮೋಶೆ ತಾಮ್ರದ ಸರ್ಪ ಮಾಡಿ ಕಂಬದ ಮೇಲೆ ಏರಿಸಿದ, ಅದನ್ನು ನೋಡಿದವರು ಬದುಕಿದರು. ನೂರಾರು ವರ್ಷ ಆದ ಮೇಲೆ ಜನ ಅದೇ ಸರ್ಪಕ್ಕೆ ಧೂಪ ಹಾಕುತ್ತಿದ್ದರು! ಕೊನೆಗೆ ಹಿಜ್ಕೀಯ ಅರಸ ಅದನ್ನು ಒಡೆದು ಚೂರು ಮಾಡಿಸಬೇಕಾಯಿತು (2 ಅರಸುಗಳು 18:4). ಅದು ಹೊರಗಿನಿಂದ ಬಂದ ದೇವರಲ್ಲ ನೋಡಿ. ದೇವರೇ ಮಾಡಿಸಿದ್ದು, ಪ್ರಾಣ ಉಳಿಸಿದ್ದು.

ನಮ್ಮ ವಿಗ್ರಹಗಳೂ ಜಾಸ್ತಿ ಹೀಗೇ ಇರುತ್ತವೆ. ಮಕ್ಕಳು, ಕೆಲಸ, ಸ್ವಂತ ಮನೆ, ಹೆಸರು, ಎಲ್ಲ ದೇವರು ಕೊಟ್ಟವೇ. ಇವಿಲ್ಲದೆ ಬದುಕೇ ಇಲ್ಲ ಅಂತ ಯಾವತ್ತು ಅನ್ನಿಸಿತೋ ಅವತ್ತಿಂದ ಅವು ದೇವರ ಜಾಗದಲ್ಲಿ ಕೂತಿರುತ್ತವೆ. ಸಭಾ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ, ನನ್ನನ್ನು ಬಿಟ್ಟು ಬೇರೆ ದೇವರು ನಿನಗಿರಬಾರದು ಅನ್ನೋ ಮೊದಲನೇ ಆಜ್ಞೆ ವಿವರಿಸುವಾಗ, ನಿನ್ನ ಹೃದಯ ಯಾವುದನ್ನು ನೆಚ್ಚಿಕೊಂಡಿದೆಯೋ ಅದೇ ನಿನ್ನ ದೇವರು ಎಂಬ ಅರ್ಥದಲ್ಲಿ ಬರೆದರು. ಅಪೊಸ್ತಲ ಪೌಲನಂತೂ ದುರಾಶೆಯನ್ನೇ ವಿಗ್ರಹಾರಾಧನೆ ಅಂದುಬಿಟ್ಟ (ಕೊಲೊಸ್ಸೆ 3:5).

ನನಗೆ ಇದು ಗೊತ್ತಾಗಿದ್ದು ಮಗಳ ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ಶನಿವಾರ. ಅಂದುಕೊಂಡಷ್ಟು ಬರಲಿಲ್ಲ. ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಂತಿದ್ದೆ, ಎದುರಿಗೇ ಹಾಲು ಉಕ್ಕಿ ಸ್ಟೌ ಆರಿಹೋಯಿತು, ನನಗೆ ಗೊತ್ತೇ ಆಗಲಿಲ್ಲ, ಅಷ್ಟು ಉಪವಾಸ ಮಾಡಿದ್ದೆನಲ್ಲ ದೇವರೇ ಅಂತ ಒಳಗೊಳಗೇ ಸಿಟ್ಟು. ಅವಳು ಬಾಗಿಲ ಹತ್ತಿರ ಬಂದು, "ಅಮ್ಮಾ, ನಾಳೆ ಚರ್ಚಿಗೆ ಬರ್ಲೇಬೇಕಾ? ಎಲ್ರೂ ಮಾರ್ಕ್ಸ್ ಕೇಳ್ತಾರೆ" ಅಂದಳು. ಎರಡು ವರ್ಷ ಟ್ಯೂಷನ್ ಅಂತ ಅವಳ ಭಾನುವಾರದ ಆರಾಧನೆ ತಪ್ಪಿಸಿದವಳು ನಾನೇ. ಆ ಉಪವಾಸವನ್ನೆಲ್ಲ ನಾನು ಮಾಡಿದ್ದು ದೇವರಿಗಲ್ಲ, ಮಾರ್ಕ್ಸಿಗೆ.

ಯಾಜಕನಾಗಿದ್ದ ಏಲಿಗೂ ದೇವರು ಇದನ್ನೇ ಕೇಳಿದ್ದು: ನನಗಿಂತ ನಿನ್ನ ಮಕ್ಕಳೇ ನಿನಗೆ ಹೆಚ್ಚಾದರಾ? (1 ಸಮುವೇಲ 2:29). ದೇವರ ಆರಾಧನೆಯ ಗುಡಾರದಲ್ಲೇ ಸೇವೆ ಮಾಡುತ್ತಿದ್ದವನಿಗೆ ಈ ಮಾತು, ಯೋಚನೆ ಮಾಡಿ.

ಹಾಗಾದರೆ ಪತ್ತೆ ಹಚ್ಚೋದು ಹೇಗೆ? ಏನು ಹೋದರೆ ದೇವರ ಮೇಲೆ ಸಿಟ್ಟು ಬರುತ್ತದೆ ಅಂತ ನೋಡಿಕೊಳ್ಳಿ. ರಾತ್ರಿ ನಿದ್ದೆ ಕೆಡಿಸೋದು ಯಾವುದು, ಯಾವುದಕ್ಕಾಗಿ ಸಣ್ಣ ಸುಳ್ಳು ಹೇಳೋಕೂ ರೆಡಿ ಇದ್ದೀರಿ ಅಂತಲೂ. ಫೋನ್ ವಿಷಯ ಎಲ್ಲರಿಗೂ ಗೊತ್ತಿರೋದೇ, ಬೆಳಗ್ಗೆ ಎದ್ದು ಮೊದಲು ಕೈ ಹೋಗೋದು ಎಲ್ಲಿಗೆ ಅಂತ ನೋಡಿದರೆ ಸಾಕು. ಸಭೆಯ ಒಳಗೂ ಹುಡುಕಬೇಕು. ಒಬ್ಬ ಬೋಧಕರು ಬರಲಿಲ್ಲ ಅಂದರೆ ಪ್ರಾರ್ಥನೆಯೇ ನಡೆಯಲ್ಲ, ಅವರು ಕೊಟ್ಟ ಎಣ್ಣೆ ಬಾಟಲಿ ಜೊತೆಗಿಲ್ಲದಿದ್ದರೆ ಧೈರ್ಯವಿಲ್ಲ ಅನ್ನಿಸಿದರೆ, ಅದು ತಾಮ್ರದ ಸರ್ಪವೇ ಅಲ್ವಾ?

ಬಿಡೋದು ಅಂದರೆ ಮಕ್ಕಳನ್ನು ಓದಿಸಬೇಡಿ, ಕೆಲಸ ಬಿಡಿ ಅಂತಲ್ಲ. ಸರ್ಪವನ್ನು ಒಡೆಯಬಹುದು, ಮಗಳನ್ನು ಏನು ಮಾಡ್ತೀರಿ? ಅವಳನ್ನು ಅವಳ ಜಾಗದಲ್ಲಿ ಇಡಬೇಕು, ಅಷ್ಟೇ. ಸುಮ್ನೆ ಮನಸ್ಸಲ್ಲಿ ಅಂದುಕೊಂಡರೆ ಆಗಲ್ಲ, ಕೈಯಿಂದ ಏನಾದರೂ ಆಗಬೇಕು. ಹಣದ ಹಿಡಿತ ಇದ್ದವರು ಯಾರಿಗೂ ಹೇಳದೆ, ಸ್ವಲ್ಪ ನೋವಾಗುವಷ್ಟು ಕೊಟ್ಟು ನೋಡಲಿ. ಹೆಸರಿನ ಆಸೆ ಇದ್ದವರು ಸಭೆಯಲ್ಲಿ ಯಾರೂ ಗಮನಿಸದ ಕೆಲಸ ಹಿಡಿಯಲಿ. ನಂಬಿಕಸ್ತರೊಬ್ಬರ ಹತ್ತಿರ ಬಾಯಿಬಿಟ್ಟು ಹೇಳಿಕೊಳ್ಳಿ, ಅರ್ಧ ಹಿಡಿತ ಅಲ್ಲೇ ಸಡಿಲವಾಗುತ್ತದೆ. ಮತ್ತೆ ಮತ್ತೆ ಬಂದು ಕೂರುತ್ತದೆ, ಮತ್ತೆ ಇಳಿಸಬೇಕು.

ನಾನು ಅವತ್ತು ರಾತ್ರಿಯೇ ಮಗಳ ಹತ್ತಿರ ಕ್ಷಮೆ ಕೇಳಿದೆ. ಭಾನುವಾರ ಇಬ್ಬರೂ ಚರ್ಚಿಗೆ ಹೋದೆವು. ಒಬ್ಬರು ಆಂಟಿ ಮಾರ್ಕ್ಸ್ ಕೇಳಿದರು, ಅವಳು ಹೇಳಿದಳು, ನಾನು ಪಕ್ಕದಲ್ಲೇ ನಿಂತಿದ್ದೆ. ಚಿಕ್ಕವನ ಟ್ಯೂಷನ್ ಈಗ ಶನಿವಾರ ಸಂಜೆ.