‘ಅಮ್ಮ’ ಎರಡೇ ಅಕ್ಷರ ಅಲ್ವಾ ಸಾರ್?

ಚೆದುರಿದ ಅಕ್ಷರಗಳನ್ನು ಎಳೆದು ಜೋಡಿಸಿ ಪದ ಮಾಡುವ ಒಂದು ಸಣ್ಣ ಆಟ ಬರೆದಿದ್ದೆ. ಸರ್ಕಾರಿ ಶಾಲೆಯೊಂದರ ಎರಡನೇ ತರಗತಿಯ ಹುಡುಗಿ ಅದರ ಮುಂದೆ ಕೂತಳು. ಪದ ‘ಅಮ್ಮ’. ಪರದೆಯ ಮೇಲೆ ಮೂರು ಬಿಲ್ಲೆ ಬಂದವು: ಅ, ಮ್, ಮ. ಬೆರಳು ಮಡಚಿ ಎಣಿಸಿ ಕೇಳಿದಳು, “ಅಮ್ಮ ಎರಡೇ ಅಕ್ಷರ ಅಲ್ವಾ ಸಾರ್? ಇನ್ನೊಂದು ಯಾಕೆ ಬಂತು?”

ಅವಳ ಲೆಕ್ಕ ಸರಿ, ನನ್ನದು ತಪ್ಪು. ಕಂಪ್ಯೂಟರು ಅಕ್ಷರಗಳನ್ನು ಗುರುತಿಸಲು ಬಳಸುವ ಯೂನಿಕೋಡ್‌ ಸಂಖ್ಯಾಪಟ್ಟಿಯಲ್ಲಿ ‘ಅಮ್ಮ’ ನಾಲ್ಕು ಸಂಕೇತ: ಅ, ಮ, ಹಲಂತ (ವ್ಯಂಜನದ ಒಳಗಿನ ‘ಅ’ ಸ್ವರವನ್ನು ತೆಗೆಯುವ ಚಿಹ್ನೆ), ಮತ್ತೆ ಮ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ ಬೇಕು. ನಾನು ನಂಬಿದ್ದ ಸಿದ್ಧ ಕೋಡು ಹಲಂತ ಕಂಡಲ್ಲೆಲ್ಲ ಪದವನ್ನು ಕತ್ತರಿಸುತ್ತಿತ್ತು. ಹಲಂತವಾದ ಕೂಡಲೇ ವ್ಯಂಜನ ಬಂದರೆ ಕತ್ತರಿಸಬಾರದು ಎಂದು ನಿಯಮ ಬರೆದೆ. ಅಷ್ಟಕ್ಕೇ ಮುಗಿಯಲಿಲ್ಲ. ‘ರಾಜ್‌ಕುಮಾರ್’ ಎಂಬಲ್ಲಿ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಇನ್ನೊಂದು ಸಂಕೇತ ಕೂತು, ಒತ್ತಕ್ಷರವಾಗದಂತೆ ತಡೆದಿರುತ್ತದೆ. ಅಲ್ಲಿ ಕತ್ತರಿಸಲೇಬೇಕು.

ಆಟವನ್ನು ಬರೆದದ್ದು ಜಿಕಾಂಪ್ರಿಯ ಅಚ್ಚಿನಲ್ಲಿ. ಎರಡರಿಂದ ಹತ್ತು ವರ್ಷದ ಮಕ್ಕಳಿಗಾಗಿ ಇರುವ ಈ ಮುಕ್ತ ತಂತ್ರಾಂಶವನ್ನು 2000ರಲ್ಲಿ ಫ್ರಾನ್ಸಿನ ಬ್ರೂನೋ ಕುದ್ವಾಂ ಶುರುಮಾಡಿದರು. ಹೆಸರನ್ನು ಫ್ರೆಂಚ್‌ನಲ್ಲಿ ಉಚ್ಚರಿಸಿದರೆ ‘ನನಗೆ ಅರ್ಥವಾಯಿತು’ ಎಂದು ಕೇಳಿಸುತ್ತದೆ. ಈಗ ಮುಕ್ತ ತಂತ್ರಾಂಶ ಬರೆಯುವವರ ಬಳಗವಾದ ಕೆಡಿಇ ಸಮುದಾಯ ಅದನ್ನು ನೋಡಿಕೊಳ್ಳುತ್ತಿದೆ. ಜಾಹೀರಾತಿಲ್ಲ, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಹಳ್ಳಿ ಶಾಲೆಯ ಹಳೇ ಕಂಪ್ಯೂಟರಿಗೆ ಇದೇ ದೊಡ್ಡ ಅನುಕೂಲ.

ಆದರೆ ನನಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ. ಅಕ್ಷರಗಳು ಮೇಲಿನಿಂದ ಬೀಳುವ ಆಟವೊಂದಿದೆ. ನೆಲ ಮುಟ್ಟುವ ಮೊದಲು ಮಗು ಆ ಕೀಲಿ ಒತ್ತಬೇಕು. ಯಾವ ಹಂತದಲ್ಲಿ ಯಾವ ಅಕ್ಷರ ಬೀಳಬೇಕೆಂಬ ಪಟ್ಟಿ ಒಂದು ಸಾದಾ ಫೈಲಿನಲ್ಲಿರುತ್ತದೆ. ನಾನು ಅದನ್ನು ಅ ಆ ಇ ಈ ಎಂದು ವರ್ಣಮಾಲೆಯ ಕ್ರಮದಲ್ಲೇ ತುಂಬಿದ್ದೆ. ನೋಡಿದ ಟೀಚರು, “ನಮ್ಮ ಮಕ್ಕಳು ಶುರುಮಾಡೋದು ರ ಗ ಸ ದ ಅ ಇಂದ. ಋ, ೠ ಅವರಿಗೆ ಈಗಲೇ ಯಾಕೆ?” ಎಂದರು. ಸರ್ಕಾರಿ ಶಾಲೆಯ ಪುಟ್ಟ ಮಕ್ಕಳಿಗೆ ಆಡುತ್ತಾ ಕಲಿಸುವ ನಲಿ-ಕಲಿಯ ಕ್ರಮ ಅದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊಳೆತ ಆ ಪದ್ಧತಿಯಲ್ಲಿ, ಕಲಿತ ನಾಲ್ಕೈದು ಅಕ್ಷರಗಳಿಂದಲೇ ಮಗು ‘ಸರ’, ‘ಗರಗಸ’ ಎಂದು ಓದಲು ತೊಡಗುತ್ತದೆ. ಫೈಲು ತೆರೆದು ಟೀಚರ ಎದುರಿಗೇ ಸಾಲುಗಳನ್ನು ಬದಲಿಸಿದೆ. ಯಾರ ಅಪ್ಪಣೆಯೂ ಬೇಕಾಗಲಿಲ್ಲ, ಯಾವ ಕಂಪನಿಗೂ ಪತ್ರ ಬರೆಯಬೇಕಾಗಲಿಲ್ಲ. ಮುಕ್ತ ತಂತ್ರಾಂಶವೆಂದರೆ ಪುಕ್ಕಟೆ ಸಿಗುವುದು ಎಂದಷ್ಟೇ ತಿಳಿದವರಿಗೆ ನಾನು ಈ ಹತ್ತು ನಿಮಿಷದ ಕೆಲಸವನ್ನೇ ಹೇಳುತ್ತೇನೆ.

ಧ್ವನಿಯದು ಇನ್ನೂ ನಾಜೂಕು ಕೆಲಸ. ಪ್ರತಿ ಅಕ್ಷರಕ್ಕೂ ಒಂದು ಧ್ವನಿ ಫೈಲು, ಅದಕ್ಕೆ ಯೂನಿಕೋಡ್ ಸಂಖ್ಯೆಯೇ ಹೆಸರು. ‘ಕ’ ಎಂದರೆ ಯು0ಸಿ95. ‘ಹಾಲು’ವನ್ನು ‘ಆಲು’ ಎನ್ನುವ ಮನೆಗಳಿಂದ ಬಂದ ಮಕ್ಕಳಿಗೆ ನಮ್ಮ ಮೊದಲ ರೆಕಾರ್ಡಿಂಗ್‌ನಲ್ಲಿ ಹ ಮತ್ತು ಅ ಒಂದೇ ಎನಿಸಿದವು. ಫ್ಯಾನ್ ನಿಲ್ಲಿಸಿ, ಮೈಕನ್ನು ಬಾಯಿಗೆ ಹತ್ತಿರ ಹಿಡಿದು, ಉಸಿರು ಕೇಳಿಸುವ ಹಾಗೆ ಹ, ಖ, ಘ ಎಲ್ಲವನ್ನೂ ಟೀಚರೇ ಮತ್ತೆ ಹೇಳಿಕೊಟ್ಟರು.

ಉಳಿದಿರುವುದು ಅರ್ಕಾವತ್ತು. ‘ಸೂರ್ಯ’ದಲ್ಲಿ ರ್ ಮೊದಲು ನುಡಿಯುತ್ತದೆ, ಬರವಣಿಗೆಯಲ್ಲಿ ಯ ಆದ ಮೇಲೆ ಕೂರುತ್ತದೆ. ಬಿಲ್ಲೆಯನ್ನು ಇಡಿಯಾಗಿ ಕೊಡಬೇಕೋ, ಅರ್ಕಾವತ್ತನ್ನು ಬಿಡಿಸಿ ಮಗುವಿನ ಕೈಯಲ್ಲೇ ಹಚ್ಚಿಸಬೇಕೋ? ಎರಡೂ ಬಗೆಯಲ್ಲಿ ಮಾಡಿಟ್ಟಿದ್ದೇನೆ, ಸೋಮವಾರ ಮಕ್ಕಳ ಮುಂದೆ ಇಡುತ್ತೇನೆ.