ಜಾಮೀನು ಸಿಕ್ಕಿದೆ, ಪಹಣಿ ಸಿಕ್ಕಿಲ್ಲ

"ಸಾಹೇಬರೇ, ಬೇಲ್ ಆಗಿ ಎರಡು ತಿಂಗಳಾಯಿತು. ಅಣ್ಣ ಇನ್ನೂ ಯಾಕೆ ಒಳಗಿದ್ದಾನೆ?" ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ನನ್ನ ವಕೀಲಿ ಕಚೇರಿಗೆ ಬಂದು ಕೇಳಿದ ಪ್ರಶ್ನೆಯಿದು. ಅಣ್ಣ ಬೆಂಗಳೂರಿನಲ್ಲಿ ಗಾರೆ ಕೆಲಸದವನು. ಮೊಬೈಲ್ ಕಳವಿನ ಆರೋಪ. ನ್ಯಾಯಾಲಯ ಜಾಮೀನು ಕೊಟ್ಟಿತ್ತು. ಷರತ್ತು, ಐವತ್ತು ಸಾವಿರದ ಬಾಂಡ್ ಮತ್ತು ಒಬ್ಬ ಸ್ಥಳೀಯ ಶ್ಯೂರಿಟಿ. ಶ್ಯೂರಿಟಿ ಎಂದರೆ ಆರೋಪಿಯ ಪರ ಹೊಣೆ ನಿಲ್ಲುವವನು, ರೂಢಿಯಲ್ಲಿ ಪಹಣಿಯೋ ಮನೆಯ ಖಾತಾವೋ ಹಿಡಿದು ಬರುವವನು. ತಗಡಿನ ಶೆಡ್ಡಿನಲ್ಲಿ ಮಲಗುವವನಿಗೆ ಬೆಂಗಳೂರಿನಲ್ಲಿ ಸೈಟು ಇರುವ ನೆಂಟ ಎಲ್ಲಿಂದ ಬರಬೇಕು? ಪರಿಚಯವಿದ್ದ ಒಬ್ಬ ಮೇಸ್ತ್ರಿ, ಪೊಲೀಸ್ ಎಂದು ಕೇಳಿದ ದಿನದಿಂದ ಫೋನ್ ಎತ್ತುತ್ತಿರಲಿಲ್ಲ.

ಆರೋಪಿ ಓಡಿಹೋಗದಂತೆ ತಡೆಯುವುದಷ್ಟೇ ಜಾಮೀನಿನ ಉದ್ದೇಶ. ಅವನ ಬೇರು ಎಷ್ಟು ಆಳಕ್ಕಿದೆ ಎಂದು ನೋಡಬೇಕಾದ ಕಡೆ ನಾವು ಎಷ್ಟು ಗುಂಟೆಯಿದೆ ಎಂದು ನೋಡುತ್ತೇವೆ. 1978ರ ಮೋತಿ ರಾಮ್ ಪ್ರಕರಣದ ಅರ್ಜಿದಾರನೂ ಗಾರೆ ಕೆಲಸದವನೇ. ಹತ್ತು ಸಾವಿರಕ್ಕೆ ಶ್ಯೂರಿಟಿ ಕೇಳಿದ ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು, ಮುಂದೆ ಬಂದ ಸಹೋದರನ ಆಸ್ತಿ ಬೇರೆ ಜಿಲ್ಲೆಯದೆಂದು ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಶ್ಯೂರಿಟಿಯಿಲ್ಲದೆ, ಒಂದು ಸಾವಿರದ ಸ್ವಂತ ಬಾಂಡಿನ ಮೇಲೆ ಅವನನ್ನು ಬಿಡಲು ಹೇಳಿದರು. ಸ್ಥಳೀಯ ಶ್ಯೂರಿಟಿಗೇ ಪಟ್ಟು ಹಿಡಿಯಬೇಡಿ ಎಂದು ಅದೇ ನ್ಯಾಯಾಲಯ 2023ರ ಜನವರಿಯಲ್ಲಿ ಮತ್ತೆ ಹೇಳಬೇಕಾಯಿತು. ಒಂದು ತಿಂಗಳಲ್ಲಿ ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಗಣಿಸಬಹುದೆಂದೂ ಹೇಳಿತು.

(ಕೋರ್ಟಿನ ಗೇಟಿನ ಬಳಿ ಬಾಡಿಗೆ ಶ್ಯೂರಿಟಿಗಳು ಸಿಗುತ್ತಾರೆ. ಅವರ ಪಹಣಿ ಅಸಲಿಯೋ ನಕಲಿಯೋ ದೇವರೇ ಬಲ್ಲ. ಆರೋಪಿ ಓಡಿಹೋಗದಿರಲೆಂದು ಮಾಡಿದ ನಿಯಮವೇ ಹೊಸ ಅಪರಾಧವೊಂದನ್ನು ಸಾಕುತ್ತಿದೆ.)

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಜಾಮೀನು ನಿರಾಕರಣೆಯಾದವರೂ ಅದರಲ್ಲಿದ್ದಾರೆ, ನಿಜ. ನನ್ನನ್ನು ಕಾಡುವುದು ಜಾಮೀನು ಸಿಕ್ಕೂ ಉಳಿದವರು.

ಇಂಥವರಿಗೆ ಬ್ಯಾರಕ್ಕಿನಲ್ಲಿ ಸಿಗುವ ಕಾನೂನು ಸಲಹೆ ಒಂದೇ: ತಪ್ಪೊಪ್ಪಿಕೋ, ಕಳೆದ ದಿನಗಳನ್ನೇ ಶಿಕ್ಷೆಯೆಂದು ಲೆಕ್ಕ ಹಿಡಿಯುತ್ತಾರೆ, ಮನೆಗೆ ಹೋಗು. ಖಟ್ಲೆ ನಡೆಸಿದರೆ ವರ್ಷಗಳು, ಒಪ್ಪಿಕೊಂಡರೆ ಒಂದು ಸಂಜೆ. ಶ್ಯೂರಿಟಿ ಇದ್ದವನು ಹೊರಗಿದ್ದು ವಾದಿಸಿ, ಎಷ್ಟೋ ಸಲ ಖುಲಾಸೆಯಾಗುತ್ತಾನೆ. ಇಲ್ಲದವನು ಅಪರಾಧಿಯಾಗಿ ಹೊರಬರುತ್ತಾನೆ. ಬಡವರಲ್ಲೇ ಕಳ್ಳರು ಹೆಚ್ಚು ಎನ್ನುವವರು, ದಾಖಲೆ ಹೀಗೆ ಬೆಳೆಯುವುದನ್ನೂ ಒಮ್ಮೆ ನೋಡಬೇಕು.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಎಂದೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣಾಧೀನನಾಗಿಯೇ ಜೈಲಿನಲ್ಲಿ ಕಳೆದರೆ ಬಾಂಡಿನ ಮೇಲೆ ಬಿಡುಗಡೆಗೆ ಅರ್ಹ, ಉಳಿದವರಿಗೆ ಅರ್ಧ. ಮೂರು ವರ್ಷದವರೆಗೆ ಶಿಕ್ಷೆಯಿರುವ ಕಳವಿಗೆ, ಹಿಂದೆ ಶಿಕ್ಷೆಯಾಗದವನಿಗೆ ಹನ್ನೆರಡು ತಿಂಗಳು, ಆದವನಿಗೆ ಹದಿನೆಂಟು.

ನಾನು ಷರತ್ತು ಸಡಿಲಿಕೆಯ ಅರ್ಜಿ ಸಿದ್ಧಪಡಿಸುವಷ್ಟರಲ್ಲಿ ಅಣ್ಣ ಒಪ್ಪಿಕೊಂಡುಬಿಟ್ಟಿದ್ದ. ತಂಗಿ ಕೈಮುಗಿದು, ಸಂಜೆಯ ಬಸ್ಸಿಗೆ ಅವನನ್ನು ಊರಿಗೆ ಕರೆದೊಯ್ದಳು. ಇನ್ನು ಮುಂದೆ ಅವನು ಹದಿನೆಂಟರ ಸಾಲಿನವನು ಎಂಬುದನ್ನು ನಾನು ಹೇಳಲಿಲ್ಲ.