ಭಾನುವಾರವೇ ರಜೆ ಕೊಡಬೇಕು ಅಂತ ಕಾನೂನು ಯಾಕಿಲ್ಲ?

ಪ್ರಶ್ನೆ: ಮೈಸೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸ. ಮಕ್ಕಳಿಗೆ ಭಾನುವಾರ ರಜೆ, ನನಗೆ ಮಂಗಳವಾರ. ಭಾನುವಾರ ಎಲ್ಲರಿಗೂ ಕಡ್ಡಾಯ ರಜೆ ಅಂತ ಸರ್ಕಾರ ಯಾಕೆ ಮಾಡಬಾರದು?

ಉತ್ತರ: ಕಾನೂನು ಕೇಳುವುದು ವಾರಕ್ಕೊಂದು ದಿನವನ್ನು, ಇಂಥದ್ದೇ ದಿನವನ್ನಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಪ್ರತಿ ನೌಕರರಿಗೂ ವಾರದಲ್ಲಿ ಒಂದು ಪೂರ್ತಿ ದಿನ ರಜೆ ಸಿಗಬೇಕು, ಅದಕ್ಕೆ ಸಂಬಳ ಹಿಡಿಯುವಂತಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಅಂಗಡಿಗಳು ವರ್ಷವಿಡೀ ತೆರೆದಿರಲು 2021ರಲ್ಲಿ ರಾಜ್ಯ ಸರ್ಕಾರ ಅನುಮತಿ ಕೊಟ್ಟಾಗಲೂ ಸರದಿಯ ಮೇಲೆ ವಾರದ ರಜೆ ಕೊಡಲೇಬೇಕೆಂಬ ಷರತ್ತು ಹಾಕಿತ್ತು. 1948ರ ಕಾರ್ಖಾನೆ ಕಾಯ್ದೆ ಮಾತ್ರ ಭಾನುವಾರವನ್ನೇ ವಾರದ ರಜೆ ಎಂದಿತ್ತು. ಅದೂ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಬದಲಿ ರಜೆಗೆ ದಾರಿ ಬಿಟ್ಟಿತ್ತು. ಆದರೆ ಸತತ ಹತ್ತು ದಿನಕ್ಕಿಂತ ಹೆಚ್ಚು ದುಡಿಸಕೂಡದು ಎಂದಿತ್ತು.

ಈ ಭಾನುವಾರದ ರಜೆ ಬ್ರಿಟಿಷರು ಸುಮ್ಮನೆ ಕೊಟ್ಟು ಹೋದದ್ದು ಅಂದುಕೊಂಡವರು ಬಹಳ. ಗಿರಣಿ ಕಾರ್ಮಿಕರಿಗೆ ಅದು ಹಾಗೆ ಬರಲಿಲ್ಲ. ಮುಂಬಯಿಯಲ್ಲಿ ಜ್ಯೋತಿಬಾ ಫುಲೆಯವರ ಜೊತೆಗಾರ ನಾರಾಯಣ ಮೇಘಾಜಿ ಲೋಖಂಡೆ 1884ರಿಂದ ಕಾರ್ಮಿಕರನ್ನು ಕೂಡಿಸಿ ಬೇಡಿಕೆ ಇಟ್ಟರು. ಭಾನುವಾರ ಖಂಡೋಬನ ವಾರ, ನಮ್ಮ ಕಡೆ ಮೈಲಾರಲಿಂಗ ಅನ್ನುತ್ತೇವಲ್ಲ, ಆ ದೇವರ ದಿನ ಎಂಬುದೂ ಅವರ ವಾದದಲ್ಲಿತ್ತು. ಗಿರಣಿ ಮಾಲೀಕರು ಒಪ್ಪಿದ್ದು 1890ರ ಜೂನ್ 10ರಂದು. ಆರು ವರ್ಷ ಹಿಡಿಯಿತು. ಇದನ್ನು ಶಾಲೆಯಲ್ಲಿ ಕಲಿಸಬೇಕು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಹಾಗಿದ್ದರೂ ಎಲ್ಲರಿಗೂ ಭಾನುವಾರವನ್ನೇ ಕಡ್ಡಾಯ ಮಾಡುವುದನ್ನು ನಾನು ಒಪ್ಪಲಾರೆ. ಮೈಸೂರಿನ ಭಾನುವಾರ ನಿಂತಿರುವುದೇ ದುಡಿಯುವವರ ಮೇಲೆ. ಸಂಜೆ ಅರಮನೆಗೆ ದೀಪ ಹತ್ತಬೇಕು, ಕೆಆರ್‌ಎಸ್‌ಗೆ ಬಸ್ಸು ಓಡಬೇಕು, ಮೃಗಾಲಯ ತೆರೆದಿರಬೇಕು. ಮೃಗಾಲಯಕ್ಕೆ ರಜೆ ಮಂಗಳವಾರ. ಮಂಡ್ಯದಲ್ಲಿ ಕಬ್ಬು ಅರೆಯುವ ಕಾಲಕ್ಕೆ ಕಾರ್ಖಾನೆ ನಿಲ್ಲಿಸಿದರೆ ಕಡಿದ ಕಬ್ಬು ಒಣಗಿ ತೂಕ, ಸಕ್ಕರೆ ಎರಡೂ ಕಳೆದುಕೊಳ್ಳುತ್ತದೆ, ನಷ್ಟ ರೈತನಿಗೆ. ಇನ್ನು ಬೇಸಾಯದ ಮನೆಗಳಲ್ಲಿ ಸೋಮವಾರ ಬಸವನ ವಾರ ಅಂತ ಎತ್ತುಗಳನ್ನು ನೇಗಿಲಿಗೆ ಹೂಡದ ರೂಢಿ ಹಳೆಯದು.

ಆದರೆ ನಿಮ್ಮ ಸಂಕಟ ನಿಜವಾದದ್ದು. ಮನೆಯವರೆಲ್ಲ ಶಾಲೆಗೋ ಕೆಲಸಕ್ಕೋ ಹೋದ ಮಂಗಳವಾರ ಮೈಗೆ ವಿಶ್ರಾಂತಿ ಸಿಗಬಹುದು, ಮಕ್ಕಳ ಜೊತೆ ಕೂತು ಉಣ್ಣುವ ಹೊತ್ತು ಸಿಗುವುದಿಲ್ಲ. ಅದಕ್ಕೇ ಸರದಿಯಲ್ಲಿ ಪ್ರತಿ ನೌಕರರಿಗೂ ತಿಂಗಳಿಗೆ ಒಂದಾದರೂ ಭಾನುವಾರ ಸಿಗುವಂತೆ ಕಾನೂನೇ ಹೇಳಬೇಕು, ರಜೆಯ ಪಟ್ಟಿ ತಿಂಗಳ ಮೊದಲೇ ಗೋಡೆಗೆ ಬೀಳಬೇಕು ಅನ್ನುವುದು ನನ್ನ ಅಭಿಪ್ರಾಯ. ಹತ್ತು ಹದಿನೈದು ಜನರಿರುವ ಅಂಗಡಿಯಲ್ಲಿ ಇದು ಆಗದ ಕೆಲಸವೇನಲ್ಲ. ದಿನಗೂಲಿಯವರದು ಬೇರೆಯೇ ಕಥೆ: ಕೂಲಿ ಇಲ್ಲದ ರಜೆ ಅವರಿಗೆ ಒಲೆ ಹತ್ತದ ದಿನ. ಅವರಿಗೆ ಕೂಲಿ ಸಮೇತ ರಜೆ ಕೈಗೆ ಸೇರುವಂತೆ ನೋಡಿಕೊಳ್ಳುವುದು ಯಾವ ವಾರ ಅನ್ನುವ ಚರ್ಚೆಗಿಂತ ತುರ್ತಿನದು.

ಸದ್ಯಕ್ಕೆ, ನಾಲ್ಕೈದು ಜನ ಸಹೋದ್ಯೋಗಿಗಳು ಒಟ್ಟಾಗಿ ಸರದಿ ಭಾನುವಾರವನ್ನು ಮಾಲೀಕರ ಬಳಿ ಬರವಣಿಗೆಯಲ್ಲಿ ಕೇಳಿ. ಮಂಗಳವಾರವೂ ಕೆಲಸಕ್ಕೆ ಕರೆಯುತ್ತಿದ್ದರೆ ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ದೂರು ಕೊಡಿ.